ಗೌಡ್ರು ಕುಡಿದಿರಲಿಲ್ಲ

ನಾಯಂಡಹಳ್ಳಿಯ ನಮ್ಮ ಸಾಲಿನಲ್ಲಿ ಗ್ಯಾರೇಜು ಇಟ್ಟಿದ್ದ ಗೌಡ್ರನ್ನು ನೀವು ನೋಡಿರಬಹುದು. ಮುಖತಃ ಅಲ್ಲ, ಟಿ.ವಿ.ಯಲ್ಲಿ. ಹಳೇ ಕಾರಿಗೆ ಹೊಸ ರೂಪ ಕೊಡುವ ಆ ರಿಯಾಲಿಟಿ ಶೋನಲ್ಲಿ ಕೈಯಲ್ಲಿ ಬಾಟಲಿ ಹಿಡಿದು, "ಬಣ್ಣ ಕೆಡಿಸಿದ್ದು ನಾನೇ, ಕುಡಿದಿದ್ದೆ" ಅನ್ನುವ ದಪ್ಪ ಮೀಸೆಯ ಮನುಷ್ಯ ಇದ್ದಾರಲ್ಲ, ಅವರೇ. ಹಿಂದುಗಡೆ ಢಂ ಢಂ ಅಂತ ಸಂಗೀತ, ಒಂದೇ ಮುಖವನ್ನು ಮತ್ತೆ ಮತ್ತೆ ಹತ್ತಿರದಿಂದ ತೋರಿಸುವ ಕ್ಯಾಮೆರಾ. ಆ ತುಣುಕನ್ನು ಜನ ಈಗಲೂ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡು ನಗುತ್ತಾರೆ. ನಗುವವರಿಗೆಲ್ಲ ನನ್ನದೊಂದು ಮಾತು. ಆ ಮನುಷ್ಯ ಅವತ್ತು ಕುಡಿದಿರಲಿಲ್ಲ. ಅವತ್ತೊಂದೇ ಅಲ್ಲ, ಯಾವತ್ತೂ ಕುಡಿದಿರಲಿಲ್ಲ. ಅವರು ಬದುಕಿರುವವರೆಗೂ ನನ್ನ ಬಾಯಿಗೆ ಬೀಗ ಹಾಕಿಸಿದ್ದರು. ಈಗ ಅವರಿಲ್ಲ, ಇನ್ನು ಸುಮ್ಮನಿರುವುದು ನನ್ನ ಕೈಲಿ ಆಗುವುದಿಲ್ಲ.

ಹೆಸರು ಮಾತ್ರ ಬರೆಯುವುದಿಲ್ಲ. ಅವರ ಹೆಸರು ಈಗಾಗಲೇ ಸಾಕಷ್ಟು ಹರಾಜಾಗಿದೆ.

ನನ್ನದು ಅವರ ಗ್ಯಾರೇಜಿನ ಪಕ್ಕದಲ್ಲೇ ಕಾರಿನ ಸೀಟು ಹೊಲಿಯುವ ಅಂಗಡಿ. ಮಾರೇನಹಳ್ಳಿಯಿಂದ ದಿನಾ ಬೆಳಿಗ್ಗೆ ಬಂದು ಶಟರ್ ಎತ್ತುವಷ್ಟರಲ್ಲಿ ಗೌಡ್ರ ಗಂಟಲು ಆಗಲೇ ಬಿಸಿಯಾಗಿರುತ್ತಿತ್ತು. ಅವರ ಗ್ಯಾರೇಜು ಇದ್ದಿದ್ದು ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ. ಹೊಲದ ಈ ತುದಿಯಿಂದ ಆ ತುದಿಗೆ ಕೂಗುತ್ತಿದ್ದ ಗಂಟಲು ಹೊಲ ಹೋದ ಮೇಲೂ ಮನೆತನದಲ್ಲಿ ಉಳಿದಿತ್ತು ಅಂತ ಕಾಣುತ್ತೆ. ತಗಡು ಬಡಿಯುವ ಟಿಂಕರ್‌ಗೆ ಬೈಗುಳ, ಎಲೆಕ್ಟ್ರಿಷಿಯನ್‌ಗೆ ಬೈಗುಳ, ಮೆಟ್ರೋ ಕಂಬಕ್ಕೂ ಬೈಗುಳ. ನನ್ನ ಹೊಲಿಗೆ ಮೆಷಿನ್ನು ಕರಕರ ಅಂದರೆ, "ಅಮ್ಮಣ್ಣೀ, ಅದಕ್ ಒಂಚೂರು ಎಣ್ಣೆ ಕುಡ್ಸು, ಸಾಯ್ತಾ ಐತೆ" ಅಂತ ಅಲ್ಲಿಂದಲೇ ಕೂಗು.

ಒಬ್ಬ ಹುಡುಗ ಕಾರಿಗೆ ದೊಡ್ಡ ಸದ್ದು ಬರುವ ಸೈಲೆನ್ಸರ್ ಹಾಕಿಕೊಡಿ ಅಂತ ಬಂದಿದ್ದ. ಗೌಡ್ರು ಅವನ ಕಾರನ್ನು ಒಂದು ಸುತ್ತು ಹಾಕಿ, "ಗಲಾಟೆ ಮಾಡಕ್ಕೆ ನಾನಿದೀನಲ್ಲಪ್ಪ, ಗಾಡಿಗ್ಯಾಕೆ ಆ ಕೆಲ್ಸ?" ಅಂತ ವಾಪಸ್ ಕಳಿಸಿದರು. ಬಂದ ವ್ಯಾಪಾರವನ್ನು ಹೀಗೆ ಓಡಿಸುತ್ತೀರಲ್ಲ ಅಂತ ನಾನು ಕೇಳಿದರೆ, ಮೀಸೆ ಒರೆಸಿಕೊಂಡು ನಕ್ಕರು.

ಆ ಬೈಗುಳದಲ್ಲಿ ಒಂದು ಗುಟ್ಟಿತ್ತು. ಗೌಡ್ರು ಬೈಯುತ್ತಿದ್ದದ್ದು ತಮ್ಮವರು ಅಂದುಕೊಂಡವರಿಗೆ ಮಾತ್ರ. ಯಾರ ಮೇಲೆ ಮನಸ್ಸು ಮುರಿಯಿತೋ ಅವರಿಗೆ ತಕ್ಷಣ "ನೀವು" ಶುರು. "ಬನ್ನಿ, ಕೂತ್ಕೊಳಿ, ನೀವು ಹೇಳ್ದಂಗೇ ಆಗ್ಲಿ" ಅಂತ ಗೌಡ್ರು ಮೆತ್ತಗೆ ಅಂದರೆ ಗ್ಯಾರೇಜಿನ ಕೆಲಸದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕದ್ದ ಸಾಮಾನು ಮಾರಲು ಬಂದವನೊಬ್ಬನಿಗೆ ಅವರು ಟೀ ತರಿಸಿ ಕೊಟ್ಟು, "ನೀವು ದಯವಿಟ್ಟು ಇನ್ನೊಂದ್ಸಲ ಈ ಕಡೆ ಬರ್ಬೇಡಿ" ಅಂದಿದ್ದನ್ನು ನಾನೇ ಕಂಡಿದ್ದೇನೆ. ಅವನು ಟೀ ಅರ್ಧಕ್ಕೆ ಬಿಟ್ಟು ಹೋದ.

ಎಲ್ಲರಿಗಿಂತ ಹೆಚ್ಚು ಬೈಗುಳ ತಿನ್ನುತ್ತಿದ್ದವನು ಅವರ ಪೇಂಟರ್. ಅವನೂ ಅವರೂ ಹೆಚ್ಚುಕಡಿಮೆ ಒಂದೇ ವಯಸ್ಸು. ಪೇಂಟರ್ ಒಂದು ಕಾಲದಲ್ಲಿ ಸಿಕ್ಕಾಪಟ್ಟೆ ಕುಡಿಯುತ್ತಿದ್ದ. ಮಾಗಡಿ ರೋಡಿನ ಪಕ್ಕ ಬಿದ್ದವನನ್ನು ಗೌಡ್ರು ಹೆಗಲ ಮೇಲೆ ಹಾಕಿಕೊಂಡು ಬಂದದ್ದುಂಟು, ಆಸ್ಪತ್ರೆಗೆ ಸೇರಿಸಿ ಬಾಗಿಲಲ್ಲಿ ಕಾದದ್ದುಂಟು. ಆದರೆ ಬಿಡಿಸಿದ್ದು ತಾವು ಅಂತ ಅವರು ಯಾವತ್ತೂ ಹೇಳಲಿಲ್ಲ. "ಬಿಟ್ಟಿದ್ದು ಅವ್ನು. ಕೈ ನಡುಗೋದು ಅವನ್ದು, ಬೆವರೋದು ಅವನ್ದು. ನಾನೇನ್ ಮಾಡ್ದೆ, ಬೈಕೊಂಡ್ ಪಕ್ಕದಲ್ಲಿ ಕೂತಿದ್ದೆ" ಅನ್ನುತ್ತಿದ್ದರು. ಪೇಂಟರ್ ಕುಡಿತ ಬಿಟ್ಟು ವರ್ಷಗಳೇ ಆಗಿದ್ದವು. ಮಗಳು ಓದಿ ಕೆಲಸಕ್ಕೆ ಸೇರಿದ್ದಳು. ಕೆಂಗೇರಿ ಕಡೆಯ ಒಳ್ಳೇ ಸಂಬಂಧ ಬಂದಿತ್ತು. ಹುಡುಗನ ಅಪ್ಪ ಮಾತ್ರ ಒಂದೇ ಪಟ್ಟು ಹಿಡಿದಿದ್ದರು: ಕುಡುಕನ ಮನೆಯ ಹೆಣ್ಣು ಬೇಡ. ಆಗ ಗೌಡ್ರೇ ಇಸ್ತ್ರಿ ಅಂಗಿ ಹಾಕಿಕೊಂಡು ಅವರ ಮನೆಗೆ ಹೋಗಿ, "ಆ ನನ್ಮಗ ಒಂದ್ ತೊಟ್ಟು ಕುಡ್ದ್ರೆ ಬಂದ್ ನನ್ನ ಕೇಳಿ" ಅಂತ ಹೇಳಿ ನಿಶ್ಚಿತಾರ್ಥ ಮಾಡಿಸಿ ಬಂದಿದ್ದರು.

ಇಂಥ ಹೊತ್ತಿನಲ್ಲಿ ವಕ್ಕರಿಸಿತು ನೋಡಿ, ಆ ಟಿ.ವಿ.

ಸುಳ್ಳು ಯಾಕೆ ಹೇಳಲಿ, ಗೌಡ್ರಿಗೆ ಅದರ ಮೇಲೆ ಆಸೆಯಿತ್ತು. ಊಟ ಮಾಡುತ್ತಾ ವಿದೇಶದ ಗ್ಯಾರೇಜುಗಳ ಇಂಥ ಶೋಗಳನ್ನೇ ನೋಡುತ್ತಿದ್ದರು. ಮಾರನೇ ದಿನ ನನಗೆ ವರದಿ. "ಅವ್ರು ಕಿತ್ತಾಡೋದ್ರಲ್ಲಿ ಗಾಡಿ ತೋರ್ಸೋದೇ ಮರ್ತೋಗ್ತಾರೆ ಕಣಮ್ಮಣ್ಣಿ. ಚಾಸಿ ಹೆಂಗ್ ಸೇರ್ಸುದ್ರು ಅಂತ ತೋರ್ಸ್ರಪ್ಪ ಅಂದ್ರೆ, ಸ್ಪ್ಯಾನರ್ ಎಸೆಯೋದ್ ತೋರಿಸ್ತವೆ." ನಾಯಂಡಹಳ್ಳಿಯ ಕೈಕೆಲಸವನ್ನು ನಾಲ್ಕು ಜನ ನೋಡಬೇಕು ಅನ್ನುವುದು ಅವರ ಬಯಕೆ. ಅದರಲ್ಲಿ ತಪ್ಪೇನಿದೆ? ಕಾಗದಕ್ಕೆ ಸಹಿ ಹಾಕಿದರು, ಗ್ಯಾರೇಜಿಗೆ ಸುಣ್ಣ ಹೊಡೆಸಿದರು.

ಅವರನ್ನು ಶೋಗೆ ಆರಿಸಿದ್ದೇ ಅವರ ಬಾಯಿಗಾಗಿ. ಗ್ಯಾರೇಜು ನೋಡಲು ಬಂದಿದ್ದ ಡೈರೆಕ್ಟರ್ ಹುಡುಗ, ಗೌಡ್ರು ಪೇಂಟರ್‌ಗೆ ಬೈಯುವುದನ್ನು ಕೇಳಿ ನಿಂತಲ್ಲೇ ಖುಷಿಪಟ್ಟಿದ್ದ. ಕ್ಯಾಮೆರಾ ಇಟ್ಟ ದಿನ ಅದೇ ಗೌಡ್ರು, "ಪೇಂಟರ್ ಅವ್ರೇ, ಪುಟ್ಟಿ ಒಣಗಿದೆಯಾ ನೋಡ್ತೀರಾ?" ಅಂದುಬಿಟ್ಟರು. ಪೇಂಟರ್ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟ. ತಪ್ಪೇನು ಮಾಡಿದೆ ಅಂತ ನನ್ನ ಅಂಗಡಿಗೆ ಓಡಿಬಂದು ಕೇಳಿದ.

"ಸಾರ್, ಅವತ್ತು ಬೈತಿದ್ರಲ್ಲ, ಹಂಗೇ ಬೈರಿ" ಅಂದ ಡೈರೆಕ್ಟರ್.

"ಅದು ನಮ್ಮನೆ ವಿಷ್ಯ ಸಾರ್. ಊರಿಗೆಲ್ಲ ತೋರ್ಸಕ್ಕಲ್ಲ. ಗಾಡಿ ತೋರ್ಸಿ ಸಾಕು."

ಗಾಡಿ ತೋರಿಸುವುದು ಯಾರಿಗೆ ಬೇಕಿತ್ತು? ಒಂದು ಹಳೇ ಕಾರಿನ ಛಾವಣಿ ಕತ್ತರಿಸಿ, ಉದ್ದ ಮೂತಿ ಕೂರಿಸಿ, ಓಪನ್ ಕಾರು ಮಾಡುವ ಕೆಲಸ. ಎರಡು ತಿಂಗಳ ಮೇಲೆ ಹಿಡಿಯಿತು. ಆದರೆ ಅವರು ಗೋಡೆಗೆ ಒಂದು ದೊಡ್ಡ ಗಡಿಯಾರ ನೇತುಹಾಕಿ, ಇನ್ನು ನಾಲ್ಕೇ ದಿನ ಉಳಿದಿದೆ ಅಂತ ಕೆಲಸದವರ ಕೈಲೆಲ್ಲ ಹೇಳಿಸಿದರು. ಯಾರೂ ಇಲ್ಲದ ಫೋನಿನಲ್ಲಿ ಗೌಡ್ರು, "ಏನು, ಸಾಮಾನು ಬರಲ್ವಾ?" ಅನ್ನಬೇಕಂತೆ. ಅವರು ಫೋನ್ ಕಿವಿಗಿಟ್ಟುಕೊಂಡು, "ಹಲೋ, ಯಾರೂ ಮಾತಾಡ್ತಿಲ್ಲ ಸಾರ್" ಅಂತ ವಾಪಸ್ ಕೊಟ್ಟರು. ಸ್ಪ್ಯಾನರ್ ಎಸೆಯಿರಿ ಅಂದರೆ ಅದನ್ನು ಬಟ್ಟೆಯಲ್ಲಿ ಒರೆಸಿ ಜಾಗದಲ್ಲಿಟ್ಟರು.

ನನ್ನ ಹತ್ತಿರವೂ ಬಂದ ಆ ಹುಡುಗ. "ಆಂಟಿ, ಈ ಸೀಟ್ ಟೈಮಿಗೆ ಆಗಲ್ಲ ಅಂತ ಸ್ವಲ್ಪ ಟೆನ್ಷನ್ ಮಾಡ್ಕೊಂಡು ಹೇಳಿ."

"ಸೀಟು ಹೋದ ವಾರಾನೇ ಆಗಿದೆಯಲ್ಲಪ್ಪ, ಅಲ್ಲೇ ಇದೆ ನೋಡು" ಅಂದೆ.

"ಗೊತ್ತು ಆಂಟಿ, ಆದ್ರೂ."

ಆದ್ರೂ ಅಂತೆ. ನಾನು ಹೊಲಿದದ್ದನ್ನು ಹೊಲಿದಿಲ್ಲ ಅಂತ ನಾನೇ ಹೇಳಬೇಕಂತೆ. ನಾನೇನು ಅವನ ಆಟಕ್ಕೆ ಸೊಪ್ಪು ಹಾಕಲಿಲ್ಲ. ಆಮೇಲೆ ನೋಡಿದರೆ, ಸೂಜಿ ಚುಚ್ಚಿಕೊಂಡು ನಾನು ಮುಖ ಕಿವುಚಿದ್ದನ್ನೇ ತೆಗೆದುಕೊಂಡು ಗಡಿಯಾರದ ಪಕ್ಕ ಅಂಟಿಸಿದ್ದಾರೆ. ನೋಡಿದವರಿಗೆ ನಾನು ಅಳುತ್ತಿದ್ದೇನೆ ಅನ್ನಿಸಬೇಕು, ಹಾಗೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಕಾರಿಗೆ ಕೊನೆಯ ಕೋಟ್ ಹೊಡೆದ ದಿನ ಬಂತು. ದಾಸವಾಳದಂಥ ಕೆಂಪು. ಪೇಂಟರ್ ನೆಲಕ್ಕೆಲ್ಲ ನೀರು ಚಿಮುಕಿಸಿ ಧೂಳು ಕೂರಿಸಿ, ಬಣ್ಣ ಹೊಡೆದು, ಶಟರ್ ಎಳೆದು, ಯಾರೂ ತೆಗೆಯಬೇಡಿ ಅಂತ ಎಲ್ಲರಿಗೂ ಹೇಳಿ ಊಟಕ್ಕೆ ಹೋದ. ಟಿ.ವಿ.ಯವರಿಗೆ ಒಳಗೆ ಬೆಳಕು ಸಾಲಲಿಲ್ಲ. ಶಟರ್ ಎತ್ತಿದರು. ಮೈಸೂರು ರೋಡಿನ ಧೂಳು ಸೀದಾ ಒಳಗೆ. ಪೇಂಟರ್ ಊಟ ಮುಗಿಸಿ ಬರುವಷ್ಟರಲ್ಲಿ ಹಸಿ ಬಣ್ಣದ ಮೇಲೆ ರವೆ ಚೆಲ್ಲಿದ ಹಾಗಾಗಿತ್ತು.

ಪೇಂಟರ್ ತಲೆ ಮೇಲೆ ಕೈಹೊತ್ತು ಕೂತ. ಡೈರೆಕ್ಟರ್ ಮುಖ ಮಾತ್ರ ಅರಳಿತು. ಅವನಿಗೆ ಕಥೆ ಸಿಕ್ಕಿತ್ತು. ಹಿಂದಿನ ವಾರ ಪೇಂಟರ್‌ನನ್ನು ಕೂರಿಸಿಕೊಂಡು ನಿಮ್ಮ ಜೀವನದ ಕಷ್ಟ ಹೇಳಿ ಅಂದಾಗ, ಆ ಪುಣ್ಯಾತ್ಮ ತಾನು ಕುಡಿಯುತ್ತಿದ್ದದ್ದು, ಬಿಟ್ಟದ್ದು, ಎಲ್ಲವನ್ನೂ ಕ್ಯಾಮೆರಾ ಮುಂದೆ ಹೇಳಿಬಿಟ್ಟಿದ್ದ. ಈಗ ಡೈರೆಕ್ಟರ್ ಹೇಳಿದ ಕಥೆ ಇದು: ಪೇಂಟರ್ ಮತ್ತೆ ಕುಡಿದ, ಕಾರು ಕೆಡಿಸಿದ, ಗೌಡ್ರು ಅವನನ್ನು ಕುತ್ತಿಗೆ ಹಿಡಿದು ಆಚೆ ಹಾಕಿದರು. ಮುಂದಿನ ವಾರ ಅವನು ಬಂದು ಕಾಲಿಗೆ ಬೀಳುತ್ತಾನೆ, ಗೌಡ್ರು ಅಪ್ಪಿಕೊಳ್ಳುತ್ತಾರೆ.

"ಜನ ಅಳ್ತಾರೆ ಸಾರ್" ಅಂದ.

"ಶಟರ್ ಎತ್ತಿದ್ದು ನಿಮ್ಮೋರಲ್ವಾ ಸಾರ್?" ಅಂದರು ಗೌಡ್ರು.

"ಅದು ಯಾರಿಗೆ ಬೇಕು ಸಾರ್. ನೀವು ಮಾಡ್ಲಿಲ್ಲ ಅಂದ್ರೂ ನಮ್ ಹತ್ರ ಅವ್ರು ಕುಡೀತಿದ್ದೆ ಅಂದಿರೋದಿದೆ, ತಲೆ ಮೇಲೆ ಕೈಹೊತ್ತು ಕೂತಿರೋದಿದೆ. ಎಡಿಟಿಂಗಲ್ಲಿ ಜೋಡಿಸ್ಕೋತೀವಿ. ನೀವು ಮಾಡಿದ್ರೆ ಕ್ಷಮಿಸೋ ಸೀನಾದ್ರೂ ಇರುತ್ತೆ."

ಅವನ ದನಿಯಲ್ಲಿ ದ್ವೇಷವೇನೂ ಇರಲಿಲ್ಲ. ಹೂಕೋಸು ಚೆನ್ನಾಗಿದೆ, ತಗೊಳ್ಳಿ ಅನ್ನುವ ಹಾಗೆ ಹೇಳಿದ. ನನಗೆ ಅದಕ್ಕೇ ಹೊಟ್ಟೆ ಉರಿದದ್ದು.

ಗೌಡ್ರು, ಪೇಂಟರ್ ಇಬ್ಬರೂ ನನ್ನ ಅಂಗಡಿಗೆ ಬಂದು ಕೂತರು. ಪೇಂಟರ್ ಒಪ್ಪಿಕೊಳ್ಳಿ ಅಂತ ಶುರುಮಾಡಿದ. "ಸಹಿ ಹಾಕ್ಬಿಟ್ಟಿದೀರ ಗೌಡ್ರೇ. ನಿಮ್ ಗ್ಯಾರೇಜ್ ಹೆಸ್ರು ಬರ್ಲಿ. ನಾನು ಕುಡ್ದು ಬಿದ್ದಿದ್ದಿಲ್ವಾ? ಪೂರ್ತಿ ಸುಳ್ಳೇನಲ್ಲವಲ್ಲ."

"ಬಾಯ್ಮುಚ್ಚು. ಮಗಳ್ನ ಕೊಡೋ ಮನೆಯವ್ರು ನೋಡಲ್ವೇನ್ಲಾ ಅದ್ನ?"

"ನಾಟ್ಕ ಅಂತ ಹೇಳಣ."

"ಯಾರ್ ನಂಬ್ತಾರೆ? ಟೀವೀಲಿ ಬಂದ್ಮೇಲೆ ಮುಗೀತು. ಕುಡಿಯೋದ್ ಬಿಟ್ಟೋನ್ನ ಕುಡುಕ ಅನ್ನೋಕೆ ಜನ ಕಾಯ್ತಾ ಕೂತಿರ್ತಾರೆ ಕಣ್ಲಾ." ಅಷ್ಟು ಹೇಳಿ ಗೌಡ್ರು ಎದ್ದರು. ಬಾಗಿಲಲ್ಲಿ ನಿಂತು ಮೀಸೆ ತೀಡುತ್ತಾ ರೋಡು ನೋಡಿದರು. ಆಮೇಲೆ ಸೀದಾ ಡೈರೆಕ್ಟರ್ ಹತ್ತಿರ ಹೋಗಿ, "ನೀವು ಹೇಳ್ದಂಗೇ ಮಾಡಣ ಸಾರ್. ನೀವು ದೊಡ್ಡೋರು" ಅಂದರು. ಅಲ್ಲೇ ಇದ್ದ ಟಿಂಕರ್ ಸುತ್ತಿಗೆ ಕೆಳಗಿಟ್ಟ. ನೀವು, ನೀವು ಅಂತ ಎರಡು ಸಲ. ಪಾಪ, ಡೈರೆಕ್ಟರ್‌ಗೆ ಆ ಭಾಷೆ ಗೊತ್ತಿರಲಿಲ್ಲ.

ಟಿ.ವಿ.ಯವರು ಬಾಟಲಿಗೆ ಕಾಫಿ ಡಿಕಾಕ್ಷನ್ ತುಂಬಿ ಪೇಂಟರ್ ಕೈಗೆ ಕೊಟ್ಟು, ಕಾರಿನ ಪಕ್ಕ ಕೂರಿಸಿದರು. ಗೌಡ್ರು ಬಂದು ಬಾಟಲಿ ಕಿತ್ತುಕೊಂಡು ಅವನನ್ನು ಆಚೆ ದಬ್ಬಬೇಕು. ಕ್ಯಾಮೆರಾ ಓಡುತ್ತಿತ್ತು. ಗೌಡ್ರು ಬಂದರು. ಬಾಟಲಿ ಕಿತ್ತುಕೊಂಡರು.

"ಏಳ್ಲಾ ಮೇಲೆ. ನನ್ ಬಾಟ್ಲು ನಿನ್ ಕೈಗ್ಯಾಕ್ ಬಂತು?" ಅಂತ ಪೇಂಟರ್‌ನನ್ನು ರಟ್ಟೆ ಹಿಡಿದು ಎಬ್ಬಿಸಿ ತಮ್ಮ ಬೆನ್ನ ಹಿಂದೆ ತಳ್ಳಿದರು. ಆಮೇಲೆ ಕ್ಯಾಮೆರಾ ಕಡೆ ತಿರುಗಿದರು. "ಇವನ್ದೇನ್ ತಪ್ಪಿಲ್ಲ. ಬಣ್ಣ ಕೆಡ್ಸಿದ್ದು ನಾನೇ, ಕುಡಿದಿದ್ದೆ. ದಿನಾ ಕುಡೀತೀನಿ. ಇವ್ನು ಬಿಟ್ಟು ಎಷ್ಟೋ ವರ್ಷ ಆಯ್ತು, ನನ್ ಕೈಲಿ ಬಿಡಕ್ಕಾಗ್ಲಿಲ್ಲ" ಅಂದವರೇ ಡಿಕಾಕ್ಷನ್ನನ್ನು ಗಟಗಟ ಕುಡಿದು ಮುಗಿಸಿದರು.

ಡೈರೆಕ್ಟರ್ ಕಟ್ ಅನ್ನಲಿಲ್ಲ. ಯಾಕೆ ಅಂದಾನು? ಕೆಲಸದವನು ಕುಡುಕ ಅನ್ನುವುದಕ್ಕಿಂತ ಮಾಲೀಕನೇ ಕುಡುಕ ಅನ್ನುವುದು ಇನ್ನೂ ದೊಡ್ಡ ಕಥೆ. ಗೌಡ್ರಿಗೆ ಅದು ಚೆನ್ನಾಗಿ ಗೊತ್ತಿತ್ತು. ಟಿ.ವಿ.ಯವರ ಕಸುಬನ್ನು ಅವರಿಗೇ ತಿರುಗಿಸಿ ಕೊಟ್ಟಿದ್ದರು. ಆಮೇಲೆ ನಮ್ಮನ್ನೆಲ್ಲ ಸೇರಿಸಿ, ಯಾರಾದರೂ ಬಾಯಿ ಬಿಟ್ಟರೆ ತಮ್ಮ ಮೇಲಾಣೆ ಅಂದರು.

ಕಾರ್ಯಕ್ರಮ ಬಂತು. ಮಾರನೇ ದಿನದಿಂದಲೇ ಶುರು. ಹಾಲಿನ ಅಂಗಡಿಯವನು ಗೌಡ್ರನ್ನು ನೋಡಿ ಹೆಬ್ಬೆರಳು ಬಾಯಿಗೆ ಹಿಡಿದು ತೋರಿಸಿದ. ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ ಒಳ್ಳೇ ಆಸ್ಪತ್ರೆಯ ವಿಳಾಸ ಕೊಟ್ಟರು. ಮಹಾಲಕ್ಷ್ಮಿ ಲೇಔಟಿನ ಒಬ್ಬರು ತಮ್ಮ ಗಾಡಿಯನ್ನು ಅರ್ಧ ಕೆಲಸಕ್ಕೇ ತೆಗೆದುಕೊಂಡು ಹೋದರು. ನಾನು ಗೌಡ್ರ ಹತ್ತಿರ ಹೋಗಿ ಜಗಳಕ್ಕೇ ನಿಂತೆ.

"ಹಿಂಗೆ ಸುಮ್ನಿದ್ರೆ ಹೆಂಗೆ ಗೌಡ್ರೇ? ನಿಮ್ಮ ಹೆಸರು ಏನಾಗ್ಬೇಕು?"

ಬಾನೆಟ್ಟಿನಿಂದ ತಲೆ ಎತ್ತದೆ ಅವರು ಹೇಳಿದ ಮಾತು ಇದು. "ನನ್ ಹೆಸ್ರು ನಮ್ಮಪ್ಪ ಕೊಟ್ಟಿದ್ದು ಕಣಮ್ಮಣ್ಣಿ, ಪುಕ್ಸಟ್ಟೆ ಬಂತು. ಹಾಳಾದ್ರೆ ಆಗ್ಲಿ. ಅವನ್ ಹೆಸ್ರು ಅವ್ನು ಒಂದೊಂದ್ ದಿನ ಬಾಯ್ಕಟ್ಟಿ ದುಡಿದಿದ್ದು. ಅದ್ನ ಮುಟ್ಟಕ್ಕೆ ಅವ್ರ್ಯಾರು?"

ಮದುವೆ ನಡೆಯಿತು. ಹುಡುಗನ ಅಪ್ಪ, ಕುಡುಕರ ಸಹವಾಸದಲ್ಲಿದ್ದೂ ಕುಡಿಯದ ಬೀಗರು ಅಂತ ಪೇಂಟರ್‌ನನ್ನು ನಾಲ್ಕು ಜನರ ಮುಂದೆ ಹೊಗಳಿದರಂತೆ. ಗೌಡ್ರು ಅಲ್ಲೇ ಪಕ್ಕದಲ್ಲಿ ಕೂತು ಪಾಯಸ ತಿನ್ನುತ್ತಿದ್ದರು. ಪೇಂಟರ್‌ಗೆ ಆ ಪಾಯಸ ಇಳಿಯಲಿಲ್ಲ. ಈಗಲಾದರೂ ನಿಜ ಹೇಳುತ್ತೇನೆ ಅಂತ ಎಷ್ಟೋ ಸಲ ಹೊರಟ. ಪ್ರತಿ ಸಲವೂ ಗೌಡ್ರು, "ಹುಡ್ಗಿ ಆ ಮನೇಲಿ ಕಾಲೂರ್ಲಿ, ಸುಮ್ನಿರು" ಅಂತ ಗದರಿಸಿ ಕೂರಿಸಿದರು. ಗೌಡ್ರ ಹೆಂಡತಿಯನ್ನು ನಾನೇ ಒಮ್ಮೆ ಕೇಳಿದೆ, ಜನ ಹೀಗೆಲ್ಲ ಅಂತಾರಲ್ಲ, ಬೇಜಾರಾಗಲ್ವಾ ಅಂತ. ಆ ತಾಯಿ, "ರಾತ್ರಿ ಪಕ್ಕದಲ್ಲಿ ಮಲ್ಗೋಳು ನಾನು, ವಾಸ್ನೆ ಬರುತ್ತೋ ಇಲ್ವೋ ನಂಗೊತ್ತಿಲ್ವಾ? ಊರ್ಗೆ ಗೊತ್ತಾಗಿ ಏನಾಗ್ಬೇಕು" ಅಂದರು.

ಹೋದ ತಿಂಗಳು ಗೌಡ್ರು ಗ್ಯಾರೇಜಿನಲ್ಲೇ ಎದೆ ಹಿಡಿದುಕೊಂಡು ಕೂತರು. ಕೂತವರು ಏಳಲಿಲ್ಲ. ಹೃದಯ ನಿಂತಿತು ಅಂದರು ಡಾಕ್ಟರು. ಲಿವರ್ ಹೋಗಿತ್ತಂತೆ ಅಂದರು ಜನ. ಹೆಣದ ಮುಂದೆ ನಿಂತುಕೊಂಡೇ ಅಂದರು. ಪೇಂಟರ್ ಅದನ್ನು ಕೇಳಿಸಿಕೊಂಡ. ನಾನು ಅವನ ಮುಖ ನೋಡಿದೆ.

ಹನ್ನೊಂದನೇ ದಿನದ ತಿಥಿ. ಗೌಡ್ರ ಕಡೆಯವರಲ್ಲಿ ಅವತ್ತು ಎಡೆ ಇಡುತ್ತಾರೆ. ಸತ್ತವರ ಫೋಟೋ ಮುಂದೆ ಬಾಳೆಲೆ ಹಾಸಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಆಚೆ ಬರುತ್ತಾರೆ. ಅವರು ಬಂದು ತಿಂದು ಹೋಗಲಿ ಅಂತ. ಮುದ್ದೆ, ಬಾಡಿನ ಸಾರು, ಚಕ್ಕುಲಿ, ಎಲ್ಲ ಆಯಿತು. ನಂಟರು, ಗ್ಯಾರೇಜಿನವರು, ಕೆಂಗೇರಿಯ ಬೀಗರು, ಪೇಂಟರ್ ಮಗಳು, ಅಳಿಯ, ಮನೆ ತುಂಬಿತ್ತು. ಆಗ ಗೌಡ್ರ ಭಾಮೈದ, ಅಂದರೆ ಅವರ ಹೆಂಡತಿಯ ತಮ್ಮ, ಅಂಗಿಯೊಳಗಿಂದ ಒಂದು ಬ್ರಾಂದಿ ಬಾಟಲಿ ತೆಗೆದು ಎಲೆಯ ಪಕ್ಕ ಇಟ್ಟ. ಕುಚೋದ್ಯವಲ್ಲ. ಭಾವನ ಮೇಲಿನ ಪ್ರೀತಿಯಿಂದಲೇ, ಕಣ್ಣೀರು ಒರೆಸಿಕೊಂಡೇ ಇಟ್ಟ.

"ಅದು ಬೇಡ ಕಣೋ" ಅಂದರು ಗೌಡ್ರ ಹೆಂಡತಿ.

"ಸತ್ತೋರ್ ಹತ್ರ ಏನಕ್ಕಾ ನಾಚ್ಕೆ. ಟೀವೀಲಿ ಎಲ್ರೂ ನೋಡವ್ರೆ. ಭಾವ ಆಸೆಯಿಂದ ಕುಡೀಲಿ ಬಿಡು" ಅಂತ ಅವನು ಬಾಗಿಲು ಎಳೆಯಲು ಹೋದ.

ಪೇಂಟರ್ ಬಾಗಿಲಿಗೆ ಕೈ ಅಡ್ಡ ಕೊಟ್ಟ. ಒಳಗೆ ಹೋಗಿ ಬಾಟಲಿ ಎತ್ತಿಕೊಂಡು, ನಡುಮನೆಗೆ ಬಂದು ಎಲ್ಲರ ಎದುರು ನಿಂತ. ಅಷ್ಟು ವರ್ಷದ ಮೇಲೆ ಅವನ ಕೈಯಲ್ಲಿ ನಿಜವಾದ ಬಾಟಲಿ. ಮಗಳು ಎದ್ದು ನಿಂತಳು.

"ಇದು ಗೌಡ್ರುದಲ್ಲ, ನಂದು" ಅಂದ. "ಟೀವೀಲಿ ಕುಡುಕ ಅಂತ ತೋರಿಸ್ಬೇಕು ಅಂತಿದ್ದಿದ್ದು ನನ್ನ. ರೋಡಲ್ಲಿ ಬಿದ್ದಿರ್ತಿದ್ದೋನು ನಾನು. ಈಯಪ್ಪ ಹುಟ್ಟಿದಾಗಿಂದ ಒಂದ್ ತೊಟ್ಟು ಮುಟ್ಟಿಲ್ಲ. ನನ್ ಮಗಳ ಮದ್ವೆ ನಿಲ್ಬಾರ್ದು ಅಂತ ಆ ಹೆಸ್ರನ್ನ ಎಳ್ಕೊಂಡು ಮೈಮೇಲೆ ಹಾಕೊಂಡ್ರು. ಬೀಗ್ರೇ, ನೀವೂ ಕೇಳಿಸ್ಕೊಳಿ. ನನ್ ಮೇಲೆ ಕೋಪ ಬಂದ್ರೆ ನನ್ ಮೇಲೇ ತೀರಿಸ್ಕೊಳಿ, ಮಗಳ ಮೇಲೆ ಬೇಡ. ಆದ್ರೆ ಈ ಎಲೆ ಮುಂದೆ ಇದನ್ನ ಇಡಕ್ಕೆ ನಾನ್ ಬಿಡಲ್ಲ."

ಭಾಮೈದ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಕುಡುಕನ ಮನೆಯ ಹೆಣ್ಣು ಬೇಡ ಅಂದಿದ್ದ ಆ ಕೆಂಗೇರಿಯ ಯಜಮಾನರು ಕೂತಲ್ಲಿಂದ ನಿಧಾನಕ್ಕೆ ಎದ್ದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಪೇಂಟರ್ ಹತ್ತಿರ ಬಂದು, ಕೈಯಿಂದ ಬಾಟಲಿ ತೆಗೆದುಕೊಂಡು, ಸೊಸೆಯ ಕಡೆ ಚಾಚಿದರು.

"ಮೋರಿಗೆ ಸುರಿದು, ಕೈ ತೊಳ್ಕೊಂಡ್ ಬಾರಮ್ಮ" ಅಂದರು. ಆಮೇಲೆ ಪೇಂಟರ್ ಹೆಗಲ ಮೇಲೆ ಕೈಯಿಟ್ಟು, "ನಡೀರಿ ಬೀಗ್ರೇ, ಬಾಗ್ಲು ಹಾಕಣ. ಅವ್ರು ಉಂಡ್ಕೊಂಡ್ ಹೋಗ್ಲಿ" ಅಂದರು.